ಕುಸುರೆಳ್ಳಿನ ಮುಳ್ಳು

ಕುದಿಯುತ್ತಿದ್ದ ಸಕ್ಕರೆ ಪಾಕಕ್ಕೆ ಜನ್ನತಬಿ ಒಂದು ಚಮಚ ಹಸಿಹಾಲು ಹನಿಸಿ, ಮೇಲೆ ತೇಲಿ ಬಂದ ಬೂದುಬಣ್ಣದ ನೊರೆಯನ್ನು ತೂತಿನ ಸೌಟಿನಿಂದ ಬದಿಗೆ ಸರಿಸಿ ಸರಿಸಿ ತೆಗೆಯುತ್ತಿದ್ದಳು. ಸಕ್ಕರೆಯೊಳಗಿನ ಕೊಳೆ ಹಾಲಿಗೆ ಅಂಟಿಕೊಂಡು ಮೇಲೆ ಬರುತ್ತದೆ. ಅದಕ್ಕೆ ಅವಸರ ಮಾಡಿದರೆ ನಡೆಯುವುದಿಲ್ಲ. ಬರುವ ತನಕ ಕಾಯಬೇಕು, ಬಂದದ್ದನ್ನು ತೆಗೆಯಬೇಕು, ಮತ್ತೆ ಕಾಯಬೇಕು. ಒಂದಿಷ್ಟು ಉಳಿದರೂ ಕುಸುರೆಳ್ಳಿಗೆ ಮಾಸಲು ಬಣ್ಣ ಬಂದುಬಿಡುತ್ತದೆ, ಆಮೇಲೆ ಸವಣೂರಿನ ಜನ್ನತಬಿಯ ಮನೆಯ ಕುಸುರೆಳ್ಳು ಎಂದು ಹೇಳಿಕೊಳ್ಳುವ ಬಾಯಿ ಇರುವುದಿಲ್ಲ.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಸೌಟು ಬಿಡುವ ಹಾಗಿಲ್ಲ. ಮೊಮ್ಮಗಳು ತರನ್ನುಮ ಫೋನು ತಂದು ಅಜ್ಜಿಯ ಕಿವಿಗೆ ಹಿಡಿದಳು.

"ನಮಸ್ಕಾರ್ರೀ ಅಮ್ಮಾ, ನಾ ಮೈಲಾರಲಿಂಗಪ್ಪ ಮಾತಾಡಾಕತ್ತೇನಿ, ಹಿರೇಕೆರೂರಿಂದ."

"ನಮಸ್ಕಾರ್ರೀ ಸರ. ಆರಾಮದೀರಿಲ್ಲೋ?"

"ಆರಾಮ ಅದೇನ್ರೀ. ನಿಮ್ಮ ಪತ್ರ ಒಂದ ಇನ್ನೂ ಮುಟ್ಟಿಲ್ಲ ನೋಡ್ರಿ."

"ಮುಟ್ಟಿಲ್ಲಾ?" ಜನ್ನತಬಿ ನೊರೆಯ ಮೇಲಿನ ಕಣ್ಣು ತೆಗೆಯದೆ ಹೇಳಿದಳು. "ದಾರ್ಯಾಗ ಇರಬೇಕು ತಗೋರಿ."

"ದೀಪಾವಳಿಯಿಂದ ದಾರ್ಯಾಗ ಐತಲ್ರೀ ಅಮ್ಮಾ! ಸವಣೂರಿಂದ ನಡಕೋತ ಬಂದಿದ್ರೂ ಇಷ್ಟೊತ್ತಿಗೆ ಮನಿ ಮುಟ್ಟಿ ಊಟಾ ಮಾಡಿ ಮಲಗತಿತ್ತು."

ತರನ್ನುಮ ನಗು ತಡೆಯಲು ಮೂಗು ಹಿಡಿದುಕೊಂಡಳು. ಜನ್ನತಬಿ ಸೌಟಿನಿಂದಲೇ ಅವಳನ್ನು ಗದರಿಸಿ, "ಪಾಕ ಒಲಿ ಮ್ಯಾಲ ಐತ್ರಿ ಸರ, ಆಮ್ಯಾಗ ಮಾತಾಡ್ತೇನಿ" ಎಂದು ಮುಗಿಸಿದಳು.

ಮೈಲಾರಲಿಂಗಪ್ಪ ಹೈಸ್ಕೂಲು ಮಾಸ್ತರಿಕೆಯಿಂದ ನಿವೃತ್ತರಾದವರು. ಹಿರೇಕೆರೂರಿನಲ್ಲಿ ಹೆಣ್ಣುಮಕ್ಕಳಿಗೆ ಮನೆಯಲ್ಲೇ ಮಾಡಿ ಮಾರುವ ತಿನಿಸುಗಳನ್ನು ಕಲಿಸುವ ಒಂದು ಸಣ್ಣ ಕೇಂದ್ರ ನಡೆಸುತ್ತಿದ್ದರು. ಸಂಕ್ರಮಣ ಮುಗಿದ ಮೇಲೆ, ಚಳಿ ಇರುವಷ್ಟು ದಿನ, ಅಲ್ಲಿಗೆ ಬಂದು ಕುಸುರೆಳ್ಳು ಕಲಿಸಿರಿ ಎಂದು ಜನ್ನತಬಿಯನ್ನು ಕೇಳಿಕೊಂಡಿದ್ದರು. ಮಾಸೂರಿನಿಂದಲೂ ಹೆಣ್ಣುಮಕ್ಕಳು ಬರುವವರಿದ್ದರು. ಫೋನಿನ ಮಾತು ಅವರ ಕಮಿಟಿಗೆ ನಡೆಯುವುದಿಲ್ಲ, ಕಲಿಸುವವರು ತಮ್ಮ ಕೈಬರಹದಲ್ಲಿ ಒಪ್ಪಿಗೆ ಬರೆದು ಕಳಿಸಬೇಕು. ಜನ್ನತಬಿ ಒಪ್ಪಿಗೆ ಬರೆದಿದ್ದಳು. ಲಕೋಟೆಯ ಮೇಲೆ ವಿಳಾಸವನ್ನೂ ಬರೆದಿದ್ದಳು. ಬಾಯಿ ಅಂಟಿಸುವುದಷ್ಟೇ ಬಾಕಿ. ಅಷ್ಟರಲ್ಲಿ ಈ ವರ್ಷದ ಮೊದಲ ಪರಾತದ ಕುಸುರೆಳ್ಳು ಇಳಿಯಿತು, ಪತ್ರ ಸಕ್ಕರೆ ಡಬ್ಬಿಯ ಕೆಳಗೇ ಉಳಿಯಿತು.

ಕುಸುರೆಳ್ಳು ಮಾಡುವುದನ್ನು ನೋಡದವರಿಗೆ ಅದು ಸಕ್ಕರೆ ಹಚ್ಚಿದ ಎಳ್ಳು, ಮತ್ತೇನಿಲ್ಲ. ನೋಡಿದವರಿಗೆ ಗೊತ್ತು. ಅಗಲವಾದ ಹಿತ್ತಾಳೆಯ ಪರಾತವನ್ನು ಇದ್ದಿಲ ಕೆಂಡದ ಮೇಲಿಟ್ಟು, ಎಳ್ಳು ಹರವಿ, ಒಂದು ಚಮಚ ಪಾಕ ಹನಿಸಿ, ಬೆರಳ ತುದಿಯಿಂದ ಕೈಯಾಡಿಸಬೇಕು. ಅದು ಒಣಗಿದ ಮೇಲೆ ಇನ್ನೊಂದು ಚಮಚ. ಮತ್ತೆ ಕೈಯಾಡಿಸಬೇಕು. ಹೀಗೆ ದಿನಗಟ್ಟಲೆ. ಎಳ್ಳಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಸಕ್ಕರೆ ಕೂಡುತ್ತ, ಕಾಳು ದಪ್ಪವಾಗುತ್ತ ಬಂದು, ಕೊನೆಗೆ ಮೈತುಂಬ ಬೆಳ್ಳನೆಯ ಮುಳ್ಳು ಏಳುತ್ತದೆ. ಆ ಮುಳ್ಳೇ ಕುಸುರೆಳ್ಳಿನ ಮರ್ಯಾದೆ. ಮುಳ್ಳು ಎದ್ದಿದೆಯೋ ಇಲ್ಲವೋ ಎಂಬುದನ್ನು ಜನ್ನತಬಿ ಕಣ್ಣಿನಿಂದ ನೋಡುವವಳಲ್ಲ. ಒಂದು ಕಾಳನ್ನು ಕೆಳತುಟಿಯ ಮೇಲೆ ಹೊರಳಿಸುವಳು. ಕಣ್ಣಿಗೆ ಕಾಣುವ ಮೊದಲೇ ತುಟಿಗೆ ತಿಳಿಯುತ್ತದೆ.

ಈ ವರ್ಷ ತುಟಿಗೆ ಏನೂ ತಿಳಿಯಲಿಲ್ಲ. ಕಾಳು ಬೆಳ್ಳಗಿತ್ತು, ದುಂಡಗಿತ್ತು, ಒಂದೂ ಗಂಟು ಕಟ್ಟಿರಲಿಲ್ಲ. ಆದರೆ ಮುತ್ತಿನಂತೆ ನುಣ್ಣಗಿತ್ತು. ಎರಡನೆಯ ಪರಾತವೂ ಹಾಗೆಯೇ ಆಯಿತು. ಸಕ್ಕರೆ ಬದಲಿಸಿದಳು. ಎಳ್ಳು ಬದಲಿಸಿದಳು. ಶಿಗ್ಗಾಂವಿಯ ಸಂತೆಯಿಂದ ಬೇರೆ ಇದ್ದಿಲು ತರಿಸಿದಳು. ಕಾಳು ನುಣ್ಣಗೇ ಇಳಿಯಿತು.

ಊರ ಜನ ಅದಕ್ಕೆ ಕೈಗುಣ ಎನ್ನುತ್ತಾರೆ. ಒಬ್ಬರ ಕೈಯಲ್ಲಿ ಮುಳ್ಳು ಏಳುತ್ತದೆ, ಇನ್ನೊಬ್ಬರ ಕೈಯಲ್ಲಿ ಏಳುವುದಿಲ್ಲ. ಜನ್ನತಬಿಯ ಅತ್ತೆ ಇಮಾಮಬಿಯ ಕೈಯಲ್ಲಿ ಎದ್ದಿತ್ತು, ಅವಳಿಂದ ಜನ್ನತಬಿಗೆ ಬಂದಿತ್ತು. ಬಂದದ್ದು ಹೋಗಲೂಬಹುದಲ್ಲ? ಹಾಗೆ ಹೋಗಿದ್ದರೆ, ಹಿರೇಕೆರೂರಿಗೆ ಹೋಗಿ ಅಷ್ಟು ಜನ ಹೆಣ್ಣುಮಕ್ಕಳ ನಡುವೆ ಕುಳಿತು, ನುಣ್ಣನೆಯ ಕಾಳು ಇಳಿಸಿ, ಇದನ್ನು ನೋಡಿ ಕಲಿಯಿರಿ ಎಂದು ಯಾವ ಮುಖದಿಂದ ಹೇಳುವುದು? ಈ ಮಾತನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ. ತರನ್ನುಮಳಿಗೆ ಮಾತ್ರ ಹೇಳದೆಯೇ ಗೊತ್ತಾಗಿತ್ತು.

ತರನ್ನುಮ ಜನ್ನತಬಿಯ ಮಗ ಇನಾಯತನ ಹಿರಿಯ ಮಗಳು. ಕೆಮಿಕಲ್ ಇಂಜಿನಿಯರಿಂಗ್ ಓದಿ, ಈಗ ಅದರಲ್ಲೇ ಸಂಶೋಧನೆ ಮಾಡುತ್ತಿದ್ದಳು. ಕಣಗಳು, ಹರಳುಗಳು ಹೇಗೆ ಹುಟ್ಟುತ್ತವೆ, ಹೇಗೆ ಬೆಳೆಯುತ್ತವೆ, ಯಾವಾಗ ಒಂದಕ್ಕೊಂದು ಅಂಟಿ ಗುಂಪು ಕಟ್ಟುತ್ತವೆ, ಇದನ್ನೆಲ್ಲ ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟಿ ಮೊದಲೇ ಹೇಳುವುದು ಅವಳ ಕೆಲಸ. ಔಷಧದ ಗುಳಿಗೆಗೆ ಲೇಪ ಕೊಡುವ ಕಾರ್ಖಾನೆಯವರಿಗೂ ಗೊಬ್ಬರದ ಕಾಳು ಮಾಡುವವರಿಗೂ ಅದು ಬೇಕಂತೆ. ಲ್ಯಾಪ್‌ಟಾಪ್ ಇದ್ದಲ್ಲಿ ಕೆಲಸ ನಡೆಯುತ್ತದೆಂದು ಈ ಚಳಿಗಾಲ ಊರಿಗೆ ಬಂದು, ಅಜ್ಜಿಯ ಪರಾತದ ಎದುರಿಗೇ ಕಂಬಕ್ಕೆ ಬೆನ್ನು ಕೊಟ್ಟು ಕುಳಿತಿದ್ದಳು.

"ಏನ ಮಾಡಾಕತ್ತಿ?" ಎಂದು ಮೊದಲ ದಿನ ಜನ್ನತಬಿ ಕೇಳಿದ್ದಳು.

"ಕುಸರೆಳ್ಳ, ದಾದಿ."

"ಎಳ್ಳಿಲ್ಲ, ಸಕ್ಕರಿ ಇಲ್ಲ, ಕೆಂಡ ಇಲ್ಲ. ಎಂಥಾ ಕುಸರೆಳ್ಳವಾ ಅದು?"

"ಇದರಾಗ ಅವೆಲ್ಲಾ ಅದಾವು. ಎಷ್ಟ ಹಸಿ, ಎಷ್ಟ ಬಿಸಿ, ಎಷ್ಟ ಜೋರ ಕೈಯಾಡಸೂದು, ಎಲ್ಲಾ ಹೇಳಿಕೊಟ್ಟೇನಿ. ಕಾಳಿಗೆ ನಿಯಮ ಕೊಟ್ಟೇನಿ. ಎರಡೂ ಒಣಗಿದ್ರ ಜಾರಿ ಹೋಗ್ರಿ. ಹಸಿ ಇದ್ರ ಅಂಟ್ರಿ."

"ನಾ ಹೇಳಿದ್ರ ನೀವs ಕೇಳೂದಿಲ್ಲ, ಕಾಳು ಕೇಳತಾವು?"

ಕೇಳಲಿಲ್ಲ. ಮೊದಲ ಸಲ ಪರದೆಯ ಮೇಲಿನ ಕಾಳುಗಳೆಲ್ಲ ಒಂದಕ್ಕೊಂದು ಅಂಟಿ ಅಂಟಿ, ಕೊನೆಗೆ ಒಂದೇ ಒಂದು ದೊಡ್ಡ ಗುಂಡಾಗಿ ನಿಂತವು. ಜನ್ನತಬಿ ಇಣುಕಿ ನೋಡಿ, "ಅಯ್ಯ, ಲಾಡು ಮಾಡ್ಯಾಳ ನಮ್ಮ ಹುಡುಗಿ! ಇನಾಯತ, ಬಾರೋ, ನಿನ್ನ ಮಗಳು ಶಾದಿ ಲಾಡು ಕಟ್ಟ್ಯಾಳ" ಎಂದು ಮಗನನ್ನೂ ಕರೆದು ತೋರಿಸಿದಳು. ತರನ್ನುಮ ಸಿಟ್ಟಾಗಲಿಲ್ಲ. ಅಜ್ಜಿ ಒಂದು ಚಮಚ ಪಾಕ ಹನಿಸಿದಾಗ ಎಷ್ಟು ಕಾಳು ತೊಯ್ಯುತ್ತವೆ, ಹೊಳಪು ಆರಿ ಮಂಕಾಗಲು ಎಷ್ಟು ಹೊತ್ತು ಬೇಕು, ಎಲ್ಲವನ್ನೂ ನೋಡಿ ನೋಡಿ ಲೆಕ್ಕ ತಿದ್ದಿದಳು. ಮರುವಾರ ಪರದೆಯ ಕಾಳು ಅಂಟುವುದನ್ನು ಬಿಟ್ಟವು. ಬೆಳೆದವು. ಅಜ್ಜಿಯ ಪರಾತದಲ್ಲಿದ್ದಂತೆಯೇ ದುಂಡಗೆ, ಬೆಳ್ಳಗೆ, ನುಣ್ಣಗೆ.

"ದಾದಿ, ನೋಡಿಲ್ಲೆ. ಈಗ ಬರೋಬ್ಬರಿ ನಿನ್ನ ಕಾಳ ಆತು."

ಅದು ಹೊಗಳಿಕೆಯೋ ಅಣಕವೋ ತಿಳಿಯದೆ ಜನ್ನತಬಿ ಪರದೆಯನ್ನೂ ಪರಾತವನ್ನೂ ನೋಡಿದಳು. "ನನ್ನ ಕಾಳು ಹಂಗಿರಲಿಲ್ಲ" ಎಂದಳು ಮೆಲ್ಲಗೆ.

ಅಂದಿನಿಂದ ತರನ್ನುಮ ಬೇರೆ ಕೆಲಸ ಬದಿಗಿಟ್ಟು ಮುಳ್ಳಿನ ಹಿಂದೆ ಬಿದ್ದಳು. ಬಿಸಿ ಹೆಚ್ಚಿಸಿದಳು, ಕಡಿಮೆ ಮಾಡಿದಳು. ಪಾಕ ತೆಳುವಾಗಿಸಿದಳು. ಚಳಿಗಾಳಿಯನ್ನೂ ಲೆಕ್ಕದೊಳಗೆ ಬಿಟ್ಟಳು. ಕಾಳು ಹಟ ಹಿಡಿದಂತೆ ನುಣ್ಣಗೇ ಬೆಳೆದವು. ಒಂದು ಮಧ್ಯಾಹ್ನ ಅವಳು ತಟ್ಟೆಯ ಮುಂದೆ ರೊಟ್ಟಿ ಮುರಿದು ಹಿಡಿದವಳು ಹಾಗೆಯೇ ಪರದೆ ನೋಡುತ್ತ ಕೂತುಬಿಟ್ಟಳು. ಕಾಳುಗಳ ಮೈಮೇಲೆ ಸಣ್ಣ ಸಣ್ಣ ಮೊನೆ ಎದ್ದಿದ್ದವು.

ಆದದ್ದು ಇಷ್ಟು. ಲೆಕ್ಕ ತಿದ್ದುವಾಗ ಒಂದು ಸಾಲು ತಪ್ಪಾಗಿ ಉಳಿದು, ಪ್ರತಿ ಚಮಚ ಪಾಕ ಬಿದ್ದ ಮೇಲೆ ಕೈಯಾಡಿಸುವುದು ಒಂದು ಗಳಿಗೆ ನಿಂತು, ಆಮೇಲೆ ಶುರುವಾಗುತ್ತಿತ್ತು. ಆ ನಿಂತ ಗಳಿಗೆಯಲ್ಲಿ ಪಕ್ಕ ಪಕ್ಕದ ಎರಡು ಕಾಳು ಒಂದನ್ನೊಂದು ತಾಕಿ ಕೂಡುತ್ತವೆ. ನಡುವೆ ಪಾಕದ ಒಂದು ಸಣ್ಣ ಸೇತುವೆ ಕಟ್ಟಿಕೊಳ್ಳುತ್ತದೆ. ಅದು ಗಟ್ಟಿಯಾಗುವ ಮೊದಲೇ ಕಾಳು ಅಲ್ಲಾಡಿದರೆ ಸೇತುವೆ ಎಳೆದು ಹರಿದು, ಅರ್ಧ ಇತ್ತ, ಅರ್ಧ ಅತ್ತ, ಎರಡರ ಮೈಮೇಲೂ ಒಂದೊಂದು ಮೊನೆ ಉಳಿಯುತ್ತದೆ. ಮೊನೆಗೆ ಸುತ್ತಲೂ ಗಾಳಿ. ಅದೇ ಮೊದಲು ಒಣಗುತ್ತದೆ, ಮುಂದಿನ ಚಮಚದ ಸಕ್ಕರೆ ಅಲ್ಲೇ ಕೂಡುತ್ತದೆ, ಮೊನೆ ಮುಳ್ಳಾಗುತ್ತದೆ. ಕೈ ಬಹಳ ಹೊತ್ತು ನಿಂತರೆ ಸೇತುವೆ ಗಟ್ಟಿಯಾಗಿ ಗಂಟು. ಕೈ ನಿಲ್ಲದೇ ಇದ್ದರೆ ಸೇತುವೆಯೇ ಇಲ್ಲ, ಕಾಳು ನುಣ್ಣಗೆ. ಗಂಟಿಗೂ ಮುಳ್ಳಿಗೂ ಹುಟ್ಟು ಒಂದೇ, ಬಿಡಿಸುವ ಹೊತ್ತು ಬೇರೆ. ತರನ್ನುಮ ರೊಟ್ಟಿ ಅಲ್ಲೇ ಬಿಟ್ಟು ಅಜ್ಜಿಯ ಹತ್ತಿರ ಬಂದಳು.

"ದಾದಿ, ಮೊದಲೆಲ್ಲಾ ನೀ ಪಾಕ ಹಾಕಿದ ಮ್ಯಾಲ ಒಂದಿಷ್ಟ ಕೈ ನಿಲ್ಲಸತಿದ್ದೇನು?"

ಜನ್ನತಬಿಯ ಬೆರಳು ಪರಾತದಲ್ಲೇ ಇದ್ದವು. "ಏನಂದಿ?"

"ಕೈ ನಿಲ್ಲಸತಿದ್ದೇನು ಅಂದೆ. ನಡುನಡುವ."

ಇಂಥ ಮಾತನ್ನು ಆ ಮನೆಯಲ್ಲಿ ಯಾರೂ ಆಡಿರಲಿಲ್ಲ. ಮದುವೆಯಾಗಿ ಬಂದ ವರ್ಷ ಅತ್ತೆ ಹೇಳಿಕೊಟ್ಟ ಮೊದಲ ಪಾಠವೇ ಅದು, ಕೈ ನಿಲ್ಲಿಸಬಾರದು. ಸವಣೂರಿನಲ್ಲಿ, ಬಂಕಾಪುರದಲ್ಲಿ, ಹಾನಗಲ್ಲಿನಲ್ಲಿ ಜನ್ನತಬಿಯ ಹೆಸರು ಹೇಳುವವರೆಲ್ಲ ಹೇಳುವುದು ಅದನ್ನೇ, ಆ ಹೆಣ್ಣುಮಗಳ ಕೈ ನಿಲ್ಲುವುದಿಲ್ಲ. ಸಕ್ಕರೆ ಡಬ್ಬಿಯ ಕೆಳಗಿನ ಪತ್ರದಲ್ಲೂ ಅವಳು ಅದನ್ನೇ ಬರೆದಿದ್ದಳು: ನಮ್ಮ ಮನೆಯ ಪದ್ಧತಿಯಂತೆ ಕೈ ನಿಲ್ಲಿಸದೆ ಮಾಡುವುದನ್ನು ಕಲಿಸುತ್ತೇನೆ.

"ನಾ ಕೈ ನಿಲ್ಲಸಾಕಿ?" ಎಂದಳು ಜನ್ನತಬಿ. "ಈ ಮನ್ಯಾಗ ನಿಮ್ಮಪ್ಪ ಹುಟ್ಟೂದಕ್ಕ ಮೊದಲಿಂದ ಈ ಪರಾತದ ಮುಂದ ಕುಂತೇನಿ. ನಿಲ್ಲಸಿಲ್ಲ. ನಿನ್ನ ಮುತ್ತಜ್ಜಿ ನಿಲ್ಲಸಿಲ್ಲ. ಅಕಿ ಸುಳ್ಳು, ನಾ ಸುಳ್ಳು, ನಿನ್ನ ಕಂಪ್ಯೂಟರ ಡಬ್ಬಿ ಒಂದ ಖರೇ ಅನ್ನು?"

"ಡಬ್ಬಿ ನಿನಗ ಸುಳ್ಳ ಅನ್ನಾಕತ್ತಿಲ್ಲ, ದಾದಿ. ನನ್ನ ಲೆಕ್ಕಾನೂ ತಪ್ಪಿರಬಹುದು. ಒಮ್ಮೆ ನಿಲ್ಲಿಸಿ ನೋಡೋಣು?"

"ಉಂಡಿ ಕಟ್ಟತೈತಿ. ನೋಡೂದೇನೈತಿ ಅದರಾಗ?"

ಮಾತು ಅಲ್ಲಿಗೆ ನಿಂತಿತು. ಆ ದಿನ ಅಜ್ಜಿ ಮೊಮ್ಮಗಳು ಒಬ್ಬರ ತಟ್ಟೆಗೆ ಒಬ್ಬರು ಪಲ್ಯ ಬಡಿಸಿಕೊಂಡರು, ಮುಖ ನೋಡಲಿಲ್ಲ. ಜನ್ನತಬಿ ಹಟಕ್ಕೆ ಬಿದ್ದವಳಂತೆ ಮರುದಿನ ಇನ್ನೂ ಚುರುಕಾಗಿ ಕೈಯಾಡಿಸಿದಳು. ಕಾಳು ಇನ್ನೂ ನುಣ್ಣಗಾಯಿತು.

ಇಂದಿರಾಬಾಯಿ ಬಂದದ್ದು ಆ ವಾರದಲ್ಲೇ. ಹಾನಗಲ್ಲಿನಿಂದ ಬಸ್ಸು ಹತ್ತಿ ಪ್ರತಿ ವರ್ಷ ಈ ಹೊತ್ತಿಗೆ ಬರುವವರು. ಬ್ಯಾಂಕಿನಲ್ಲಿ ಅಧಿಕಾರಿಯಾಗಿ ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು, ಆದರೆ ಹುಟ್ಟಿ ಬೆಳೆದದ್ದು ಸವಣೂರಿನಲ್ಲೇ, ಜನ್ನತಬಿಯ ಓಣಿಯ ಆಚೆ. ತಂದೆ ಸಂಸ್ಕೃತ ಪಂಡಿತರು. ಜನ್ನತಬಿಯ ತವರೂ ಅದೇ ಊರು. ಸಣ್ಣವರಿದ್ದಾಗ ಇಬ್ಬರೂ ಒಂದೇ ಬಾವಿಯ ಕಟ್ಟೆಯಲ್ಲಿ ಆಡಿದವರು, ಈಗ ಒಬ್ಬರ ಮೊಣಕಾಲು ನೋವನ್ನು ಇನ್ನೊಬ್ಬರು ಕೇಳುವವರು. ಇಂದಿರಾಬಾಯಿಯವರ ಮನೆಯಲ್ಲಿ ಸಂಕ್ರಮಣಕ್ಕೆ ಎಳ್ಳು ಬೀರುವುದು ಜನ್ನತಬಿಯ ಪರಾತದಿಂದಲೇ ಆಗಬೇಕು. ಈ ವರ್ಷ ಇನ್ನೂ ದೊಡ್ಡ ಕೆಲಸ. ಮೊಮ್ಮಗ ಆಕಾಶನ ಮಗಳಿಗೆ ಮೊದಲ ಸಂಕ್ರಮಣ. ಕೂಸಿಗೆ ಕುಸುರೆಳ್ಳಿನ ಸರ, ಬಳೆ, ಕಿರೀಟ ತೊಡಿಸಬೇಕು.

"ಕಪ್ಪು ಅರಿವಿ ಹೊಲಿಸೇನಿ, ಅದರ ಮ್ಯಾಲೆ ನಿನ್ನ ಕುಸರೆಳ್ಳಿನ ದಾಗೀನ ಹೆಂಗ ಕಾಣಸ್ತಾವ ನೋಡೀಯಂತ" ಎನ್ನುತ್ತ ಇಂದಿರಾಬಾಯಿ ಡಬ್ಬಿಯ ಮುಚ್ಚಳ ತೆಗೆದು ಒಂದು ಕಾಳು ಎತ್ತಿದರು. ಬೆರಳಿನಲ್ಲಿ ಹೊರಳಿಸಿದರು. ಮತ್ತೊಮ್ಮೆ ಹೊರಳಿಸಿ ತಿರುಗಿ ಡಬ್ಬಿಗೆ ಹಾಕಿದರು.

"ಹೇಳ್ರಿ, ಬಾಯಾರ" ಎಂದಳು ಜನ್ನತಬಿ. "ದಾರಕ್ಕ ನಿಲ್ಲೂದಿಲ್ಲ ಇವು. ಮುಳ್ಳಿದ್ರ ಒಂದನ್ನ ಒಂದು ಹಿಡಕೊಂಡು ಕೂಡತಾವು. ಇವು ಜಾರಿ ಹೋಗತಾವು. ನನ್ನ ಕೈಗುಣ ಹೋತು."

ಮೊದಲ ಸಲ ಆ ಮಾತು ಬಾಯಿಂದ ಹೊರಬಿದ್ದಿತ್ತು. ಹೊರಬಿದ್ದ ಮೇಲೆ ಅದು ಇನ್ನೂ ದೊಡ್ಡದಾಗಿ ಕಾಣಿಸಿತು.

"ಹುಚ್ಚಿ, ಕೈಗುಣ ಎಲ್ಲಿ ಹೋಗ್ತದ? ಆಗ್ತದ ಒಮ್ಮೊಮ್ಮೆ" ಎಂದು ಇಂದಿರಾಬಾಯಿ ಸಮಾಧಾನಕ್ಕೆ ತಮ್ಮ ಚೀಲದಿಂದ ವೀಳ್ಯದೆಲೆಯ ಸುರುಳಿ ತೆಗೆದರು. "ತಗೋ. ಬರೋವಾಗ ಬಸ್‌ಸ್ಟ್ಯಾಂಡಿನ್ಯಾಗ ತಗೊಂಡೆ. ನಿಮ್ಮೂರ ಎಲಿ, ನಿನಗs ತಂದೇನಿ."

"ಬ್ಯಾಡ್ರಿ. ಬಿಟ್ಟೇನಿ."

"ಏನು, ನೀ ಎಲಿ ಬಿಟ್ಟಿ? ಸೂರ್ಯ ಯಾವ ಕಡೆ ಹುಟ್ಯಾನ ಇವತ್ತು?"

"ಗಲ್ಲದಾಗ ಬಿಳಿ ಮಚ್ಚಿ ಆಗಿತ್ರಿ. ಡಾಕ್ಟರು ಬೈದ್ರು. ಮಳಿಗಾಲದಿಂದ ಪಾನದಾನ ಅಟ್ಟದ ಮ್ಯಾಲ ಐತಿ."

ಇಂದಿರಾಬಾಯಿ ನಕ್ಕರು. "ಹಂಗಾದ್ರ ಪರಾತದ ಮುಂದ ಕೂತು ಏನ ಮಾಡ್ತಿ? ಮೊದಲೆಲ್ಲಾ ಒಂದ ಚಮಚಾ ಪಾಕ, ಒಂದ ಎಲಿ. ಪಾಕ ಹನಸೂದು, ಎಲಿ ತೊಟ್ಟು ಮುರಿಯೂದು, ಸುಣ್ಣ ಸವರೂದು, ಮಡಚಿ ಬಾಯಾಗ ಇಟ್ಟು ಆಮ್ಯಾಲೆ ಕೈಯಾಡಸೂದು. ನಿಮ್ಮತ್ತಿನೂ ಹಂಗs. ನಮ್ಮವ್ವ ನಗತಿದ್ದಳು, ಇಮಾಮಬಿ ಎಳ್ಳಿಗೆ ಸಕ್ಕರಿ ಹಚ್ಚತಾಳೋ, ಎಲಿಗೆ ಸುಣ್ಣ ಹಚ್ಚತಾಳೋ ಅಂತ."

ಕಂಬಕ್ಕೆ ಒರಗಿದ್ದ ತರನ್ನುಮ ನೆಟ್ಟಗೆ ಕೂತಳು. "ದಾದಿ!"

"ಏನ?"

"ಎಲಿ ಹಾಕ್ಕೊಳ್ಳುಮುಂದ ಕೈ ಪರಾತದಾಗ ಇರತಿತ್ತೇನು?"

"ಎಲಿ ಹಾಕ್ಕೊಳ್ಳುಮುಂದ ಪರಾತದಾಗ ಕೈ ಹೆಂಗ ಇರತೈತಿ? ಎರಡ ಕೈ ಬೇಕು ಸುಣ್ಣ ಸವರಾಕ."

"ಮತ್ತ ಕೈ ನಿಲ್ಲಸಿಲ್ಲ ಅಂದಿ!"

"ಅದು ನಿಲ್ಲಸೂದಲ್ಲ" ಎಂದಳು ಜನ್ನತಬಿ ಗಟ್ಟಿಯಾಗಿ. "ನಿಲ್ಲಸೂದು ಬ್ಯಾರೆ, ಎಲಿ ಹಾಕ್ಕೊಳ್ಳೂದು ಬ್ಯಾರೆ."

ಹೇಳಿದವಳೇ ತನ್ನ ಎರಡೂ ಕೈ ನೋಡಿಕೊಂಡಳು. ಅವಳ ಕಣ್ಣ ಮುಂದೆ ಅತ್ತೆ ಬಂದು ಕುಳಿತಿದ್ದಳು. ಬಾಯಿತುಂಬ ಎಲೆ ಇಟ್ಟುಕೊಂಡು, ಕೆಂಪು ತುಟಿಯ ಅಂಚು ಒರೆಸಿಕೊಳ್ಳುತ್ತ, ಕೈ ನಿಲ್ಲಿಸಬ್ಯಾಡವಾ ಎಂದು ಹೇಳುತ್ತಿದ್ದಳು. ಪಾಪ, ಅವಳು ಸುಳ್ಳು ಹೇಳಿರಲಿಲ್ಲ. ಎಲೆ ಮಡಿಸುವುದನ್ನು ಆ ಮನೆಯಲ್ಲಿ ಯಾರೂ ಬಿಡುವು ಎಂದು ಎಣಿಸಿಯೇ ಇರಲಿಲ್ಲ. ಉಸಿರಾಡುವುದನ್ನು ಯಾರಾದರೂ ಕೆಲಸದ ಪಟ್ಟಿಗೆ ಸೇರಿಸುತ್ತಾರೆಯೇ?

ಮೊದಲು ನಕ್ಕವಳು ಜನ್ನತಬಿಯೇ. ಸೆರಗು ಬಾಯಿಗೆ ಒತ್ತಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಏನೂ ಅರ್ಥವಾಗದಿದ್ದರೂ ಇಂದಿರಾಬಾಯಿ ಜೊತೆಗೆ ನಕ್ಕರು. ತರನ್ನುಮ ಲ್ಯಾಪ್‌ಟಾಪ್ ತಂದು ಅವರ ಮುಂದಿಟ್ಟು ಎಲ್ಲವನ್ನೂ ತೋರಿಸಿದಳು, ಸೇತುವೆ ಹೇಗೆ ಕಟ್ಟುತ್ತದೆ, ಹೇಗೆ ಹರಿಯುತ್ತದೆ, ಹರಿದ ತುದಿಗೆ ಸಕ್ಕರೆ ಹೇಗೆ ಕೂಡುತ್ತದೆ. ಇಂದಿರಾಬಾಯಿ ಕನ್ನಡಕ ಏರಿಸಿಕೊಂಡು, "ನಿನ್ನ ಮೊಮ್ಮಗಳು ಅಂದ್ರ ಏನಂತ ತಿಳಿದೀದಿ ನೀ, ಜನ್ನತಬಿ?" ಎಂದರು.

"ಏನಂತ ಅಂದ್ರ? ಲಾಡು ಕಟ್ಟಾಕಿ ಅಂತ ತಿಳಿದಿದ್ದೆ" ಎಂದಳು ಜನ್ನತಬಿ. ದನಿಯಲ್ಲಿ ಮಾತ್ರ ಬೇರೆಯೇ ಏನೋ ಇತ್ತು.

ಮರುದಿನ ಬೆಳಿಗ್ಗೆ ಹೊಸ ಪರಾತ ಹೂಡಿದರು. ಇಂದಿರಾಬಾಯಿ ಉಳಿದುಕೊಂಡಿದ್ದರು. ಪಾಕ ಹನಿಸಿದ ಮೇಲೆ ಕೈ ಎತ್ತಿ ತೊಡೆಯ ಮೇಲಿಟ್ಟುಕೋ ಎಂದಳು ತರನ್ನುಮ. ಕೈ ಕೇಳಲಿಲ್ಲ. ಇಟ್ಟ ಕೈ ತಾನಾಗಿಯೇ ಕಾಳಿನ ಕಡೆಗೆ ಹೋಗುತ್ತಿತ್ತು, ಇಷ್ಟು ವರ್ಷದ ರೂಢಿ. "ಖಾಲಿ ಕೈ ಕೂಡೂದಿಲ್ಲ ಬೇಟಾ" ಎಂದಳು ಜನ್ನತಬಿ ಬೇಜಾರಿನಿಂದ. ಆಗ ಇಂದಿರಾಬಾಯಿ, "ಎಲಿ ಮಡಚು. ನನಗ ಕೊಡು" ಎಂದರು.

ಪಾನದಾನ ಅಟ್ಟದಿಂದ ಇಳಿಯಿತು. ಪಾಕ ಹನಿಸುವುದು, ತೊಟ್ಟು ಮುರಿದು ಸುಣ್ಣ ಸವರಿ ಮಡಿಸಿ ಇಂದಿರಾಬಾಯಿಗೆ ಕೊಡುವುದು, ಆಮೇಲೆ ಬೆರಳು ಪರಾತಕ್ಕೆ. ತೊಯ್ದ ಕಾಳು ತುಸು ಅಂಟಿ ನಿಂತು, ಬೆರಳು ತಾಕಿದೊಡನೆ ಸಣ್ಣಗೆ ಚಿಟ್ ಎಂದು ಬಿಡಿಸಿಕೊಳ್ಳುತ್ತಿದ್ದವು. ಆ ಸದ್ದನ್ನು ಅವಳು ಎಷ್ಟು ತಿಂಗಳಿಂದ ಕೇಳಿರಲಿಲ್ಲ! ಮರೆತಿದ್ದೇನೆಂಬುದನ್ನೂ ಮರೆತಿದ್ದಳು.

ಬಿಸಿಲೇರಿದ ಮೇಲೆ ತರನ್ನುಮ, "ದಾದಿ, ಈಗ ಲಗೂ ಒಣಗತೈತಿ. ಅಷ್ಟೊತ್ತ ಬಿಡಬ್ಯಾಡ, ಗಂಟ ಆಗತೈತಿ ಅಂತ ಲೆಕ್ಕ ಹೇಳತೈತಿ" ಎಂದಳು.

"ಎಲಿ ಮಡಚೂದಕ್ಕ ಬಿಸಲೇನು, ನೆರಳೇನು?" ಎಂದು ಜನ್ನತಬಿ ಮೊದಲಿನಂತೆಯೇ ಮಡಿಸಿದಳು. ಪರಾತದ ಒಂದು ಮೂಲೆಯಲ್ಲಿ ಕಾಳು ಗಟ್ಟಿ ಹಿಡಿದುಕೊಂಡುಬಿಟ್ಟವು. ಅವನ್ನು ಆಯ್ದು ಬದಿಗಿಡುತ್ತ, "ಹೂಂ. ಡಬ್ಬಿ ಹೇಳಿತ್ತು" ಎಂದಳು. ಆಮೇಲಿನ ಎಲೆಗಳಿಗೆ ಅರ್ಧ ಸುಣ್ಣ ಸವರಿ ಬೇಗ ಬೇಗ ಮಡಿಸಿದಳು. ಲೆಕ್ಕವೂ ಎಲ್ಲ ಸಲ ಸರಿಯಾಗಲಿಲ್ಲ. ಪರದೆಯ ಕಾಳಿಗೆ ಮುಳ್ಳು ಎಲ್ಲ ಕಡೆ ಒಂದೇ ಅಳತೆಯಲ್ಲಿ ಏಳುತ್ತಿದ್ದವು, ಪರಾತದಲ್ಲಿ ಒಂದು ಉದ್ದ, ಒಂದು ಗಿಡ್ಡ. ತರನ್ನುಮ ಕಾಳನ್ನು ಬೆಳಕಿಗೆ ಹಿಡಿದು ನೋಡಿ, ತುಟಿ ಕಚ್ಚಿಕೊಂಡು ಮತ್ತೆ ತಿದ್ದಲು ಕೂತಳು. ಇಬ್ಬರೂ ತಂತಮ್ಮ ಪರಾತದ ಮುಂದೆ ಕುಳಿತಂತಿತ್ತು.

"ನನ್ನ ಬಾಯಿ ಸುಟ್ಟು ಹೋತು, ನಾ ಇನ್ನ ಒಲ್ಲೆ" ಎಂದು ಇಂದಿರಾಬಾಯಿ ಸಂಜೆಯೊಳಗೆ ಕೈ ಜೋಡಿಸಿದರು. "ಬ್ಯಾಂಕಿನ್ಯಾಗ ಇಷ್ಟು ವರ್ಷ ದುಡದೀನಿ, ಇಂಥಾ ಡ್ಯೂಟಿ ಯಾರೂ ಹಾಕಿದ್ದಿಲ್ಲ." ಅಷ್ಟರಲ್ಲಿ ಜನ್ನತಬಿಯ ಕೈಗೆ ಹೊತ್ತು ತಿಳಿದುಬಿಟ್ಟಿತ್ತು. ಎಲೆ ಇಲ್ಲದೆಯೂ, ಮಡಿಸುವಷ್ಟು ಹೊತ್ತು ಬೆರಳು ಗಾಳಿಯಲ್ಲಿ ನಿಂತು ಇಳಿಯಲು ಕಲಿತವು. ಪಾನದಾನ ತಿರುಗಿ ಅಟ್ಟ ಏರಿತು.

ಮುಂದಿನ ಕೆಲವು ದಿನಗಳಲ್ಲಿ ಒಂದು ಬೆಳಿಗ್ಗೆ ಜನ್ನತಬಿ ಒಂದು ಕಾಳನ್ನು ತುಟಿಯ ಮೇಲೆ ಹೊರಳಿಸಿದಳು. ತಡೆದಳು. ಮತ್ತೊಮ್ಮೆ ಹೊರಳಿಸಿದಳು. ಆಮೇಲೆ ಇನ್ನೊಂದು ಕಾಳನ್ನು ತರನ್ನುಮಳ ತುಟಿಗೆ ಹಚ್ಚಿದಳು.

"ಚುಚ್ಚತೈತಿ, ದಾದಿ!"

"ಚುಚ್ಚಲಿ" ಎಂದಳು ಜನ್ನತಬಿ. "ಚುಚ್ಚಲಿ ನನ್ನವ್ವ."

ಹಾನಗಲ್ಲಿಗೆ ಕೂಸಿನ ದಾಗೀನು ಹೋದವು. ಕಪ್ಪು ಬಟ್ಟೆಯ ಮೇಲೆ ಬಿಳಿಯ ಸರ, ಬಳೆ, ವಾರೆಯಾಗಿ ಕೂತ ಕಿರೀಟ. ಕೂಸು ಬಳೆ ಕಡಿದು ತಿನ್ನುತ್ತಿರುವ ಫೋಟೋ ಫೋನಿಗೆ ಬಂತು. ಜನ್ನತಬಿ ಅದನ್ನು ತೋರಿಸದ ಮನೆ ಓಣಿಯಲ್ಲಿ ಉಳಿಯಲಿಲ್ಲ. ಆದರೆ ಫೋಟೋ ತೋರಿಸುತ್ತ ಅವಳು ಹೇಳುತ್ತಿದ್ದದ್ದು ಕುಸುರೆಳ್ಳಿನ ಮಾತಲ್ಲ. ಕಾಯಿಪಲ್ಯೆ ಮಾರುವ ಮುನಾಫನನ್ನು ಗಾಡಿ ಸಮೇತ ನಿಲ್ಲಿಸಿ, "ನಮ್ಮ ತರನ್ನುಮ ಎಳ್ಳಿಲ್ಲದ ಕುಸರೆಳ್ಳ ಮಾಡತಾಳ, ಗೊತ್ತೈತೇನು? ಸಕ್ಕರಿ ಎಲ್ಲಿ ಹುಟ್ಟತೈತಿ, ಹೆಂಗ ಬೆಳೀತೈತಿ, ಯಾವಾಗ ಒಂದಕ್ಕೊಂದು ಅಂಟತೈತಿ, ಎಲ್ಲಾ ಮೊದಲs ಹೇಳತಾಳ. ನನ್ನ ಕೈ ಏನ ಮಾಡತಿತ್ತು ಅಂತ ನನಗs ಗೊತ್ತಿದ್ದಿಲ್ಲ. ಅಕಿಗೆ ಗೊತ್ತಾತು" ಎಂದಳು.

"ಹಂಗಾದ್ರ ನನ್ನ ಬದನಿಕಾಯಿ ಯಾವಾಗ ಖರ್ಚ ಆಗತಾವು ಅಂತ ಕೇಳ್ರಿ ಅಕಿಗೆ" ಎಂದ ಮುನಾಫ.

"ಕೊಳತಾವೋ ಇಲ್ಲೋ ಅಂತ ಮೊದಲ ನೋಡ್ಕೋ ಹೋಗು."

ತರನ್ನುಮ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಕಾಲೇಜಿನಲ್ಲಿ ಅವಳ ಲೆಕ್ಕವನ್ನು ಮೆಚ್ಚಿದವರಿದ್ದರು. ಆದರೆ ಓಣಿಯಲ್ಲಿ ಗಾಡಿ ನಿಲ್ಲಿಸಿ ಹೇಳಿದವರು ಯಾರೂ ಇರಲಿಲ್ಲ.

ಸಂಕ್ರಮಣದ ಮರುದಿನ ಜನ್ನತಬಿ ಸಕ್ಕರೆ ಡಬ್ಬಿ ಎತ್ತಿ ಹಳೆಯ ಪತ್ರ ತೆಗೆದಳು. ಓದಿದಳು. ಕೈ ನಿಲ್ಲಿಸದೆ ಎಂಬ ಮಾತಿನ ಮೇಲೆ ಬೆರಳಿಟ್ಟಳು.

"ಅದನ್ನs ಕಳಸು ದಾದಿ, ನಡೀತೈತಿ" ಎಂದಳು ತರನ್ನುಮ. "ಸರ್ ಪಾಪ ದಾರಿ ನೋಡಾಕತ್ತಾರು."

"ತಪ್ಪ ಬರದದ್ದನ್ನ ಕಳಸೂದಿಲ್ಲ" ಎಂದಳು ಜನ್ನತಬಿ. ಹೊಸ ಹಾಳೆ ತೆಗೆದುಕೊಂಡು, ಕಿಟಕಿಯ ಬೆಳಕಿಗೆ ತಿರುಗಿ ಕುಳಿತು, ಒಂದೊಂದೇ ಅಕ್ಷರ ದುಂಡಗೆ ಕೂಡಿಸಿ ಬರೆದಳು.

"ಮಾನ್ಯ ಮೈಲಾರಲಿಂಗಪ್ಪ ಸರ್ ಅವರಿಗೆ, ಸವಣೂರಿನ ಜನ್ನತಬಿ ಮಾಡುವ ನಮಸ್ಕಾರಗಳು. ಪತ್ರಕ್ಕೆ ತಡವಾಯಿತು. ತಪ್ಪು ನನ್ನದೇ, ನಾನು ಕಳಿಸಿರಲಿಲ್ಲ. ಈಗ ಬರಲು ಒಪ್ಪಿದ್ದೇನೆ. ಕುಸುರೆಳ್ಳಿಗೆ ಕೈಯಾಡಿಸುವುದನ್ನು ಕಲಿಸುತ್ತೇನೆ, ಕೈ ತಡೆಯುವುದನ್ನೂ ಕಲಿಸುತ್ತೇನೆ. ಎರಡನೆಯದನ್ನು ನಾನು ಕಲಿತದ್ದು ನನ್ನ ಮೊಮ್ಮಗಳು ತರನ್ನುಮಳಿಂದ. ಅವಳು ಕಣಗಳ ಶಾಸ್ತ್ರ ಓದಿದವಳು. ಮೊದಲ ದಿನ ಅವಳೂ ನನ್ನ ಜೊತೆ ಬಂದು, ಮುಳ್ಳು ಯಾಕೆ ಏಳುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ತೋರಿಸುತ್ತಾಳೆ. ಅವಳಿಗೂ ಒಂದು ಕುರ್ಚಿ ಇರಲಿ. ಕೈಗುಣ ಇಲ್ಲವೆಂದು ಯಾವ ಹೆಣ್ಣುಮಗಳನ್ನೂ ತಿರುಗಿ ಕಳಿಸಬೇಡಿರಿ. ಎಲ್ಲರೂ ಬರಲಿ."

ಕೆಳಗೆ ಹೆಸರು ಬರೆದಳು. ಮೊಮ್ಮಗಳ ಕೈಗೆ ಕೊಟ್ಟಳು. ತರನ್ನುಮ ಓದುತ್ತ ಓದುತ್ತ ನಡುವೆ ನಿಂತು, ಮುಖ ಅತ್ತ ತಿರುಗಿಸಿಕೊಂಡಳು.

"ಕಾಗುಣಿತ ತಪ್ಪೈತೇನು?"

"ಇಲ್ಲ ದಾದಿ. ಒಂದೂ ಇಲ್ಲ."

"ಹಂಗಾದ್ರ ಕೊಡ ಇಲ್ಲೆ."

ಟಪಾಲು ಕಚೇರಿಗೆ ಇಬ್ಬರೂ ನಡೆದೇ ಹೋದರು. ನಾನು ಹಾಕುತ್ತೇನೆ ಕೊಡು ಎಂದರೆ ಜನ್ನತಬಿ ಲಕೋಟೆ ಬಿಡಲಿಲ್ಲ. ಒಳಗಿನ ಕಿಟಕಿಯ ಹತ್ತಿರ ನಿಂತು, ರಜಿಸ್ಟರ್ ಮಾಡಿರಿ ಎಂದು ಕೇಳಿ ಕೊಟ್ಟಳು. ಒಳಗಿದ್ದ ಹುಡುಗಿ ತೂಕ ನೋಡಿ, ಚೀಟಿ ಅಂಟಿಸಿ, "ಹಿರೇಕೆರೂರಿಗೆ ಏನ್ರೀ ಅಮ್ಮಾ? ಯಾರದಾರು ಅಲ್ಲೆ?" ಎಂದು ಕೇಳಿದಳು.

"ಕಲಿಸಾಕ ಹೊಂಟೇವಿ" ಎಂದಳು ಜನ್ನತಬಿ. "ನಾನೂ, ಈಕಿನೂ."

ಹುಡುಗಿ ಲಕೋಟೆಯ ಮೇಲೆ ಮುದ್ರೆ ಒತ್ತಿ ಹಿಂದಿನ ಚೀಲಕ್ಕೆ ಹಾಕಿದಳು.